ಕತ್ತಲೆಕಾನಿನ ಸಂಸಾರ

ಜೋಗದ ಜಲಪಾತವನ್ನು ನೋಡದ ಕನ್ನಡಿಗರು ವಿರಳ. ಮಳೆಗಾಲ ಬಂದಿತೆಂದರೆ ನಾಡಿನ ನಾಲ್ಕು ಮೂಲೆಗಳಿಂದಲೂ ಜನರು ಅಲ್ಲಿಗೆ ಬಂದು, ಶರಾವತಿಯು ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ ಧುಮುಕುವ ವೈಭವವನ್ನು ಕಣ್ತುಂಬ ನೋಡಿ, ಛಾಯಾಚಿತ್ರಗಳನ್ನು ತೆಗೆದುಕೊಂಡು, ಸುಟ್ಟ ಜೋಳವನ್ನು ತಿಂದು ಹಿಂದಿರುಗುವರು. ಆದರೆ ಅಲ್ಲಿಂದ ಮಾವಿನಗುಂಡಿಯ ಮೇಲಾಗಿ ಹೊನ್ನಾವರದ ಹೆದ್ದಾರಿಯನ್ನು ಹಿಡಿದು, ಗೇರುಸೊಪ್ಪೆಯ ಕಡೆಗೆ ಇಳಿಯುವ ಮೊದಲು ಸಿಕ್ಕುವ ಒಂದು ಅಡವಿಯ ಬಳಿ ವಾಹನವನ್ನು ನಿಲ್ಲಿಸುವವರು ಬಹಳ ಕಡಮೆ. ಅದರ ಹೆಸರು ಕತ್ತಲೆಕಾನು. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿಗೆ ಸೇರಿದ್ದು. ಈ ಸಲ ನಾವು ವಾಚಕರನ್ನು ಕರೆದುಕೊಂಡು ಹೋಗಬೇಕೆಂದಿರುವುದು ಅಲ್ಲಿಗೆ.

ಮಲೆನಾಡಿನಲ್ಲಿ ಕಾಡೆಲ್ಲವೂ ಕಾನಲ್ಲ. ವರ್ಷದ ಹನ್ನೆರಡು ತಿಂಗಳೂ ಹಸುರಾಗಿದ್ದು, ನೀರಿನ ಸೆಲೆಯನ್ನು ಮಡಿಲಲ್ಲಿಟ್ಟುಕೊಂಡು, ದೇವರ ಭಯದಿಂದಲೋ ಮೆಣಸಿನ ಬಳ್ಳಿಯ ಆಸೆಯಿಂದಲೋ ಹಿರಿಯರು ಕೊಡಲಿಯಿಡದೆ ಕಾಪಾಡಿಕೊಂಡು ಬಂದ ಅಡವಿಗೆ ಮಾತ್ರ ಕಾನೆಂದು ಹೆಸರು. ಅದರಲ್ಲಿಯೂ ಇದು ಕತ್ತಲೆಯ ಕಾನು. ಇಂಥ ನಿತ್ಯಹರಿದ್ವರ್ಣದ ಮಳೆಕಾಡಿನಲ್ಲಿ ಮೇಲಿನ ಮರಗಳ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರವೇ ನೆಲವನ್ನು ಮುಟ್ಟುತ್ತದೆ. ಹೆಸರನ್ನಿಟ್ಟವರು ಕವಿಗಳಲ್ಲ, ಕಂಡದ್ದನ್ನು ಕಂಡಂತೆ ಹೇಳಿದವರು.

ಆರಿದ್ರಾ ಮಳೆಯು ಹಿಡಿದು ಸುರಿಯುತ್ತಿದ್ದ ದಿನಗಳಲ್ಲಿ ನಾವು ಅಲ್ಲಿಗೆ ಹೋದೆವು. ಮಳೆಕಾಡನ್ನು ಮಳೆಯಲ್ಲಿಯೇ ನೋಡತಕ್ಕದ್ದು; ಬೇಸಗೆಯಲ್ಲಿ ಹೋದರೆ ಮರಗಳು ಕಂಡಾವು, ಅಣಬೆಗಳು ಕಾಣಲಾರವು. ಸಸ್ಯಶಾಸ್ತ್ರವನ್ನು ಓದುತ್ತಿರುವ ತಮ್ಮನ ಮಗಳು ನಮ್ಮ ಜೊತೆಗಿದ್ದಳು. ಅರಣ್ಯ ಇಲಾಖೆಯವರಿಂದ ಅಪ್ಪಣೆ ಪಡೆದಿದ್ದೆವು. ಏಕೆಂದರೆ ಈ ಪ್ರದೇಶವು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲೆಂದು ಘೋಷಿತವಾದದ್ದು. ಕಾನಿನ ಅಂಚಿನಲ್ಲಿ ನಾಲ್ಕು ತಲೆಮಾರುಗಳಿಂದ ಗದ್ದೆ ತೋಟಗಳನ್ನು ಮಾಡಿಕೊಂಡಿರುವ ಗೌಡರೊಬ್ಬರು ದಾರಿ ತೋರಿಸಲು ಒಪ್ಪಿದ್ದರು. ಅವರು ಮೊದಲು ನಮ್ಮ ಕೈಗೆ ಕೊಟ್ಟದ್ದು ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿಯ ಒಂದು ಗಂಟು. "ಉಂಬಳಕ್ಕೆ ಹೆದರಬೇಡಿ ಮಾಸ್ತರೇ. ಉಂಬಳ ಇದ್ದಲ್ಲಿ ನೀರಿರುತ್ತದೆ" ಎಂದರು. ಆ ಮಾತಿನ ತಥ್ಯವು ಸಂಜೆಯ ವೇಳೆಗೆ ನಮಗೆ ಎರಡು ಬಗೆಯಾಗಿಯೂ ಮನದಟ್ಟಾಯಿತು.

ಕಾನಿನೊಳಗೆ ಹತ್ತು ಹೆಜ್ಜೆಯಿಟ್ಟೊಡನೆಯೇ ಮಳೆಯ ಸ್ವರೂಪವು ಬದಲಾಯಿಸುತ್ತದೆ. ಹೊರಗೆ ಧೋ ಎಂದು ಸುರಿಯುವುದು ಒಳಗೆ ತೊಟ್ಟುತೊಟ್ಟಾಗಿ ಇಳಿಯುತ್ತದೆ. ಎಲೆಗಳ ತುದಿಯು ಬಾಲದಂತೆ ನೀಳವಾಗಿರುವುದನ್ನು ತಮ್ಮನ ಮಗಳು ತೋರಿಸಿದಳು. ನೀರು ಎಲೆಯ ಮೇಲೆ ನಿಲ್ಲದೆ ಬೇಗನೆ ಜಾರಿಹೋಗುವುದಕ್ಕಾಗಿ ಈ ಏರ್ಪಾಟು. ಮೇಲೆ ಮುಗಿಲನ್ನು ಮುಟ್ಟುವಂತೆ ಧೂಪದ ಮರಗಳು. ಅವುಗಳ ಕೆಳಗೆ ಹೈಗ, ಹೆಬ್ಬಲಸು, ದಾಲ್ಚಿನ್ನಿ, ರಾಂಪತ್ರೆ. ಅವುಗಳ ಕೆಳಗೆ ಬೆತ್ತದ ಮುಳ್ಳು ಪೊದೆ, ಬಗನಿ, ಜರಿಗಿಡಗಳು. ಮಹಡಿಯ ಮೇಲೆ ಮಹಡಿ ಕಟ್ಟಿದ ದೊಡ್ಡ ಕೂಡುಕುಟುಂಬದ ಮನೆಯಂತೆ, ಒಂದೊಂದು ಅಂತಸ್ತಿನಲ್ಲಿ ಒಂದೊಂದು ಬಳಗ. ಮರದಿಂದ ಮರಕ್ಕೆ ಹಬ್ಬಿದ ಗಾರ್ದಾಲಿನ ಬಳ್ಳಿಯು ಮನುಷ್ಯನ ತೊಡೆಯಷ್ಟು ದಪ್ಪ. ಅದರ ಕಾಯಿಯು ಮಾರುದ್ದದ ಕತ್ತಿಯಂತೆ ತೂಗುತ್ತಿತ್ತು. ಕವಲುಗಳ ಮೇಲೆ ಸೀತಾಳೆ ದಂಡೆಯು ತನ್ನ ನಸುಗೆಂಪು ಹೂವಿನ ಜಡೆಯನ್ನು ಇಳಿಬಿಟ್ಟಿತ್ತು.

ಸಂಸ್ಕೃತವನ್ನು ಓದಿದವರಿಗೆ ಈ ಕಾನು ಒಂದು ನಿಘಂಟಿನಂತೆ ತೋರುತ್ತದೆ. ಪುಸ್ತಕದಲ್ಲಿ ಅಕ್ಷರವಾಗಿದ್ದ ಹೆಸರುಗಳು ಇಲ್ಲಿ ಬೇರುಬಿಟ್ಟು ನಿಂತಿವೆ. ಅಶೋಕವನ್ನೇ ನೋಡಿ. ಪಟ್ಟಣದ ಬೀದಿಗಳಲ್ಲಿಯೂ ಶಾಲೆಗಳ ಅಂಗಳದಲ್ಲಿಯೂ ಅಶೋಕವೆಂದು ನೆಟ್ಟಿರುವ ನೇರವಾದ ಕಂಬದಂತಹ ಮರವು ನಿಜವಾಗಿ ಅಶೋಕವೇ ಅಲ್ಲ. ಅದು ಸೀತಾಫಲದ ಬಳಗದ್ದು. ಕಾವ್ಯಗಳ ಅಶೋಕವು ಹೊಳೆಯಂಚಿನ ನೆರಳನ್ನು ಬಯಸುವ, ಮೋಟಾದ, ಹರಡಿಕೊಂಡ ಮರ. ಮಾಘ ಫಾಲ್ಗುಣಗಳಲ್ಲಿ ಕಾಂಡಕ್ಕೂ ಕೊಂಬೆಗೂ ಅಂಟಿಕೊಂಡೇ ಕೆಂಡದಂತಹ ಹೂಗೊಂಚಲುಗಳನ್ನು ತಳೆಯುತ್ತದೆ. ಔಷಧಕ್ಕಾಗಿ ತೊಗಟೆಯನ್ನು ಸುಲಿದು ಸುಲಿದು ಈ ಮರವು ಎಷ್ಟೋ ಕಡೆ ಅಪರೂಪವಾಗಿದೆ. ಹಾಗೆಯೇ ರಾಂಪತ್ರೆಯು ಜಾಯಿಕಾಯಿಯ ಹತ್ತಿರದ ನೆಂಟ. ಜಾಯಿಕಾಯಿಯ ತವರು ದೂರದ ಬಾಂದಾ ದ್ವೀಪಗಳು. ರಾಂಪತ್ರೆಯ ತವರು ನಮ್ಮದೇ ಘಟ್ಟ. ಅದರ ಬೀಜವನ್ನು ಸುತ್ತಿಕೊಂಡಿರುವ ಕೆಂಪು ಬಲೆಯೇ ಅಂಗಡಿಗಳಲ್ಲಿ ಮಾರುವ ಪತ್ರೆ. ಕಾಳುಮೆಣಸಿಗಂತೂ ಈ ಘಟ್ಟವೇ ಹುಟ್ಟೂರು. ಹದಿನಾರನೆಯ ಶತಮಾನದಲ್ಲಿ ಈ ಕಣಿವೆಯ ಕೆಳಗಣ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದು ಇಲ್ಲಿಯ ಬಳ್ಳಿಗಳ ಮಹಿಮೆಯಿಂದಲೇ.

ಇಳಿಜಾರನ್ನು ಮುಗಿಸಿ ಕಣಿವೆಯ ತಳಕ್ಕೆ ಬಂದಾಗ ನೆಲವು ಸಮತಟ್ಟಾಯಿತು. ಹೆಜ್ಜೆಯಿಟ್ಟಲ್ಲಿ ಕಾಲು ಹೂಳತೊಡಗಿತು. ಹಳ್ಳವು ಇಲ್ಲಿ ಹರಿಯುವುದನ್ನು ಮರೆತು ಹರಡಿಕೊಂಡಿದೆ. ಈ ಜೌಗಿನಲ್ಲಿ ಜಾಯಿಕಾಯಿಯ ಬಳಗದ ಮರಗಳು ನಿಂತಿರುವ ರೀತಿಯನ್ನು ವರ್ಣಿಸುವುದು ಕಷ್ಟ. ಒಂದು ಜಾತಿಯು ಕಾಂಡದ ಮೇಲ್ಭಾಗದಿಂದಲೇ ಹತ್ತಾರು ಊರುಗೋಲುಗಳನ್ನು ಕೆಳಕ್ಕೆ ಬಿಟ್ಟು ಕೆಸರಿನ ಮೇಲೆ ಮುದುಕರಂತೆ ನಿಂತಿದೆ. ಇನ್ನೊಂದರ ಬೇರುಗಳು ಕೆಸರಿನಿಂದ ಮೇಲಕ್ಕೆದ್ದು, ಮಂಡಿಯಂತೆ ಬಾಗಿ, ಮತ್ತೆ ಕೆಸರಿನೊಳಕ್ಕೆ ಇಳಿಯುತ್ತವೆ. ನೀರಿನಲ್ಲಿ ಮುಳುಗಿದ ಬೇರಿಗೆ ಉಸಿರು ಸಿಕ್ಕದು. ಆದುದರಿಂದ ಮರವು ಮಂಡಿಯನ್ನೆತ್ತಿ ಗಾಳಿಯನ್ನು ಕುಡಿಯುತ್ತದೆ. ತಿರುವಾಂಕೂರು ಸೀಮೆಯ ಕಾಡುಗಳಲ್ಲಿ ಇಂಥ ಜೌಗುಗಳಿರುವುದನ್ನು ಕೃಷ್ಣಮೂರ್ತಿಯೆಂಬ ಅರಣ್ಯತಜ್ಞರು 1960ರಲ್ಲಿ ಪ್ರಕಟಪಡಿಸಿದರು. ಕತ್ತಲೆಕಾನಿನ ಜೌಗುಗಳ ವಿಚಾರವನ್ನು ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರು 2010ರಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಗೇರಿನ ವಂಶಕ್ಕೆ ಸೇರಿದ, ಭಲ್ಲಾತಕದ ಒಡಹುಟ್ಟೆನ್ನಬಹುದಾದ ಒಂದು ಮರವನ್ನು ಈ ಜೌಗಿನಲ್ಲಿಯೇ ಕಂಡುಹಿಡಿದು, 2000ದಲ್ಲಿ ಶಾಸ್ತ್ರೀಯವಾಗಿ ಹೆಸರಿಟ್ಟಾಗ, ಊರಿನ ಹೆಸರನ್ನೇ ಸೇರಿಸಿ 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು ಕರೆದರು. ಹೀಗೆ ನಮ್ಮ ಹಳ್ಳಿಗಾಡಿನ ಒಂದು ಹೆಸರು ಲ್ಯಾಟಿನ್ ಭಾಷೆಯ ಉಡುಗೆಯುಟ್ಟು ಲೋಕದ ಸಸ್ಯಶಾಸ್ತ್ರದಲ್ಲಿ ಸೇರಿಕೊಂಡಿದೆ.

ಜೌಗಿನ ಅಂಚಿನಲ್ಲಿ ಉದುರಿದ ಬೀಜಗಳು ಆಗಲೇ ಮೊಳೆತಿದ್ದವು. ಒಂದನ್ನು ಊರಿಗೆ ಒಯ್ದು ಬರುವ ವರ್ಷ ನೆಡಬಹುದೇ ಎಂದು ನಾವು ಕೇಳಿದುದಕ್ಕೆ ತಮ್ಮನ ಮಗಳು, "ಇಲ್ಲ ದೊಡ್ಡಪ್ಪ, ಇವಕ್ಕೆ ಕಾಯುವುದು ಗೊತ್ತಿಲ್ಲ. ಒಣಗಿಸಿದರೆ ಕೆಲವೇ ದಿನಗಳಲ್ಲಿ ಸತ್ತುಹೋಗುತ್ತವೆ" ಎಂದಳು. ಈ ಮಾತು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಭತ್ತವನ್ನು ಕಣಜದಲ್ಲಿಡುತ್ತೇವೆ, ಬಯಲುಸೀಮೆಯವರು ರಾಗಿಯನ್ನು ಹಗೇವಿನಲ್ಲಿಡುತ್ತಿದ್ದರು. ಮುಂದಿನ ವರ್ಷಕ್ಕೂ, ಬರಗಾಲಕ್ಕೂ, ಮಕ್ಕಳಿಗೂ ಆಗಲೆಂದು ಬೀಜವನ್ನು ಕಾಪಿಡುವುದೇ ಗೃಹಸ್ಥಧರ್ಮ. ಆದರೆ ಧೂಪ, ಹೈಗ, ರಾಂಪತ್ರೆಗಳ ಬೀಜವು ಕೂಡಿಡಲು ಬಾರದು. ತಾಯಮರದ ನೆರಳಿನಲ್ಲಿ, ತಾಯ ನೆಲದ ತೇವದಲ್ಲಿ, ಬಿದ್ದೊಡನೆಯೇ ಮೊಳೆಯಬೇಕು. ಮಂಗಟ್ಟೆ ಹಕ್ಕಿಯು ಪತ್ರೆಯ ಆಸೆಯಿಂದ ನುಂಗಿ ಬೇರೊಂದು ಮರದ ಬುಡದಲ್ಲಿ ಉಗುಳಿದರೆ ಸರಿ; ಇಲ್ಲವಾದರೆ ಇದ್ದಲ್ಲಿಯೇ ಬದುಕು.

ನೆಲದ ಕಥೆಯೂ ಹೀಗೆಯೇ. ಇಷ್ಟು ದಟ್ಟವಾದ ಕಾಡನ್ನು ಹೊತ್ತ ಇಳಿಜಾರಿನ ಮಣ್ಣು ಸಾರದಿಂದ ತುಂಬಿ ತುಳುಕುತ್ತಿರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಎಡೆಬಿಡದ ಮಳೆಯು ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತಲೇ ಇರುತ್ತದೆ. ಕಾಡಿನ ಸಿರಿಯೆಲ್ಲ ಇರುವುದು ಬದುಕಿರುವ ಮರದಲ್ಲಿ ಮತ್ತು ಈಗತಾನೇ ಬಿದ್ದ ಎಲೆಯಲ್ಲಿ. ಬಿದ್ದುದನ್ನು ಮಳೆಯು ಒಯ್ಯುವ ಮೊದಲು ಯಾರಾದರೂ ಅರೆದು, ಬೇಯಿಸಿ, ಮತ್ತೆ ಮರದ ಬಾಯಿಗೆ ಬಡಿಸಬೇಕು. ಈ ಅಡುಗೆಮನೆಯ ಕೆಲಸವನ್ನು ಮಾಡುವವರಲ್ಲಿ ಮುಖ್ಯರು ಅಣಬೆಗಳು.

ದರಕನ್ನು ಸ್ವಲ್ಪ ಸರಿಸಿದರೆ ಸಾಕು, ಬಿಳಿಯ ನೂಲಿನ ಜಾಲವು ಎಲೆಯಿಂದ ಎಲೆಗೆ ಹೆಣೆದುಕೊಂಡಿರುವುದು ಕಾಣುತ್ತದೆ. ಅದೇ ಅಣಬೆಯ ನಿಜವಾದ ಶರೀರ. ನಾವು ಕೊಡೆಯೆಂದು ಕಾಣುವುದು ಅದರ ಫಲ ಮಾತ್ರ. ಕೊಳೆತ ಕಡ್ಡಿಗಳ ಮೇಲೆ ಕುಂಕುಮದ ಬಟ್ಟಲುಗಳಂತೆ ಸಾಲಾಗಿ ಕುಳಿತವು ಕೆಲವು; ಬಿದ್ದ ಮರದ ಮೈಮೇಲೆ ಮೆಟ್ಟಿಲುಗಳಂತೆ ಚಾಚಿಕೊಂಡ ಗಟ್ಟಿಯಾದವು ಕೆಲವು. ಬಿಳಿಯ ಬಲೆಯ ಲಂಗವನ್ನುಟ್ಟು ನಿಂತ ಒಂದು ಅಣಬೆಯು ದೂರದಿಂದ ಬಹಳ ಚೆಲುವಾಗಿ ಕಂಡಿತು. ಹತ್ತಿರ ಹೋಗುತ್ತಲೇ ಕೊಳೆತ ಮಾಂಸದ ವಾಸನೆ ಬಂದು ಮೂಗನ್ನು ಮುಚ್ಚಿಕೊಳ್ಳಬೇಕಾಯಿತು. ಬೀಜಕಣಗಳನ್ನು ಒಯ್ಯುವ ನೊಣಗಳನ್ನು ಅದು ಹಾಗೆ ಕರೆಯುತ್ತದೆಯಂತೆ.

ನಮ್ಮ ಹಿಂದಿನವರು ಅಣಬೆಯನ್ನು ಬಲ್ಲರು. ಛತ್ರಾಕ, ಕವಕ, ಶಿಲೀಂಧ್ರ ಎಂದು ಅದಕ್ಕೆ ಹೆಸರುಗಳುಂಟು. ಗುಡುಗಿನ ದನಿಗೆ ನೆಲವು ಶಿಲೀಂಧ್ರಗಳನ್ನು ತಳೆಯುವ ಸಂಗತಿಯು ಕಾಳಿದಾಸನ ಮೇಘದೂತದಲ್ಲಿ ಬರುತ್ತದೆ. ಮನುಸ್ಮೃತಿಯು ಅದನ್ನು ದ್ವಿಜರಿಗೆ ನಿಷೇಧಿಸಿತು. ಭಾವಪ್ರಕಾಶವು ಬೆವರಿನಿಂದ ಹುಟ್ಟಿದ ಶಾಕವೆಂದು ಅದನ್ನು ಬೇರೆಯಾಗಿಯೇ ಇಟ್ಟಿತು. ಗಿಡಗಳ ಪಂಕ್ತಿಯಲ್ಲಿ ಅದನ್ನು ಕೂಡಿಸಲು ಮನಸ್ಸಾಗದ ಆ ಪೂರ್ವಿಕರ ನೋಟವನ್ನು ಇಂದಿನ ವಿಜ್ಞಾನವು ಬೇರೊಂದು ದಾರಿಯಿಂದ ಬಂದು ಎತ್ತಿಹಿಡಿದಿದೆ. ಅಣಬೆಯು ಸಸ್ಯವಲ್ಲ; ಅದು ತನ್ನದೇ ಒಂದು ರಾಜ್ಯ; ವಂಶವೃಕ್ಷದಲ್ಲಿ ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ್ದು.

ಈ ರಾಜ್ಯದವರ ಉಪಕಾರಗಳನ್ನು ಕೇಳಿ. ಧೂಪ ಹೈಗಗಳ ಬೇರಿನ ತುದಿಗಳನ್ನು ಅಣಬೆಯ ನೂಲುಗಳು ಕೈಗವಸಿನಂತೆ ಹೊದ್ದುಕೊಂಡು, ಬೇರು ತಲಪಲಾರದ ಸಂದುಗಳಿಂದ ನೀರನ್ನೂ ರಂಜಕವನ್ನೂ ತಂದುಕೊಡುತ್ತವೆ. ಪ್ರತಿಯಾಗಿ ಎಲೆಯು ಬಿಸಿಲಿನಲ್ಲಿ ಮಾಡಿದ ಸಕ್ಕರೆಯನ್ನು ಪಡೆಯುತ್ತವೆ. ಸೀತಾಳೆ ದಂಡೆಯ ಬೀಜವು ಧೂಳಿನ ಕಣದಷ್ಟು ಸಣ್ಣದು. ತಾಯಿಯು ಅದಕ್ಕೆ ಬುತ್ತಿಯನ್ನೇ ಕಟ್ಟಿರುವುದಿಲ್ಲ. ಸೂಕ್ತವಾದ ಅಣಬೆಯ ನೂಲು ಬಂದು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಹೂವಿಗೆ ಅಣಬೆಯು ಸಾಕುತಾಯಿ! ಇನ್ನು ಹುತ್ತದ ಅಣಬೆಯ ವೃತ್ತಾಂತ. ಗೆದ್ದಲುಗಳು ತರಗೆಲೆಯನ್ನು ಅಗಿದು ಹುತ್ತದೊಳಗೆ ಜೇನುಹಟ್ಟಿಯಂತಹ ತೋಟವನ್ನು ಕಟ್ಟಿ ಅದರಲ್ಲಿ ಅಣಬೆಯ ನೂಲನ್ನು ಬೆಳೆಸಿ ತಿನ್ನುತ್ತವೆ. ಮನುಷ್ಯನು ನೇಗಿಲನ್ನು ಹಿಡಿದು ಹತ್ತು ಹನ್ನೆರಡು ಸಾವಿರ ವರ್ಷಗಳಾದುವು; ಗೆದ್ದಲುಗಳು ಈ ವ್ಯವಸಾಯವನ್ನು ಸುಮಾರು 3 ಕೋಟಿ ವರ್ಷಗಳಿಂದ ನಡೆಸಿವೆ. ಮೊದಲ ಮಳೆಗಳಲ್ಲಿ ಆ ತೋಟದಿಂದ ನೀಳವಾದ ಬೇರಿನಂತಹ ಕಾಲನ್ನು ಚಾಚಿ ಹೊರಗೆ ಬರುವುದೇ ಹಳ್ಳಿಯವರು ಆಸೆಪಟ್ಟು ಕೀಳುವ ಹುತ್ತದ ಅಣಬೆ.

ಅಣಬೆಯನ್ನು ತಿನ್ನದ ಮನೆಗಳಲ್ಲಿಯೂ ಈ ರಾಜ್ಯದ ಒಬ್ಬ ಪ್ರಜೆ ಮಸಾಲೆಯ ಡಬ್ಬಿಯಲ್ಲಿ ಕುಳಿತಿರುತ್ತಾನೆಂಬುದನ್ನು ಗೃಹಿಣಿಯರಿಗೆ ತಿಳಿಸಬೇಕು. ಅದು ಕಲ್ಲುಹೂವು. ಅಮರಕೋಶದಲ್ಲಿ ಅದಕ್ಕೆ ಅಶ್ಮಪುಷ್ಪವೆಂಬ ಹೆಸರುಂಟು. ನಮ್ಮ ಮಾತು ಅದರ ಸರಿಯಾದ ಕನ್ನಡ. ಆದರೆ ಅದು ಹೂವೂ ಅಲ್ಲ, ಒಂದು ಜೀವವೂ ಅಲ್ಲ. ಶಿಲೀಂಧ್ರವೂ ಪಾಚಿಯೂ ಗಂಡ ಹೆಂಡಿರಂತೆ ಕೂಡಿ ಕಟ್ಟಿದ ಸಂಸಾರ. ಪಾಚಿಯು ಅಡುಗೆಯನ್ನು ಮಾಡುತ್ತದೆ, ಶಿಲೀಂಧ್ರವು ಮನೆಯನ್ನು ಕಟ್ಟಿ ನೀರನ್ನು ತರುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಗೌಡರ ಮನೆಯಾಕೆಯು ಹುತ್ತದ ಅಣಬೆಯನ್ನು ಆರಿಸುವಾಗ ಕಾಲನ್ನು ಬುಡದವರೆಗೆ ಅಗೆದು, ಅದು ಹುತ್ತಕ್ಕೆ ಇಳಿದಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಬುಟ್ಟಿಗೆ ಹಾಕುತ್ತಿದ್ದರು; ಅನುಮಾನವಾದುದನ್ನು ಮುಟ್ಟದೆ ಬಿಡುತ್ತಿದ್ದರು. ಬೆಳ್ಳಿಯ ಚಮಚ ಕಪ್ಪಾದರೆ ವಿಷ, ಹುಳು ತಿಂದಿದ್ದರೆ ವಿಷವಿಲ್ಲ ಎಂಬ ಮಾತುಗಳನ್ನು ಯಾರೂ ನಂಬಬಾರದು. ಕೆಲವು ಅಣಬೆಗಳ ವಿಷವು ಬೇಯಿಸಿದರೂ ಹೋಗದು. ತಿಂದ ಆರೇಳು ಗಂಟೆಗಳವರೆಗೆ, ಕೆಲವೊಮ್ಮೆ ಅರ್ಧದಿನದವರೆಗೂ, ಏನೂ ತೋರದೆ, ಆಮೇಲೆ ಯಕೃತ್ತನ್ನು ಹಿಡಿಯುತ್ತದೆ. ತಲೆಮಾರುಗಳಿಂದ ಬಲ್ಲವರ ಕೈಯಿಂದ ಬಂದದ್ದಲ್ಲದೆ ಬೇರಾವ ಕಾಡಣಬೆಯೂ ಒಲೆಯ ಮೇಲೇರಬಾರದು.

ಆ ರಾತ್ರಿ ಗೌಡರ ಮನೆಯಲ್ಲಿಯೇ ತಂಗಿದೆವು. ಊಟವಾದ ಮೇಲೆ ಅವರು ದೀಪಗಳನ್ನೆಲ್ಲ ಆರಿಸಿ, ಕೊಟ್ಟಿಗೆಯ ಹಿಂದಿನ ಬೇಲಿಯ ಬಳಿ ನಮ್ಮನ್ನು ನಿಲ್ಲಿಸಿದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬೇಲಿಯಾಚೆ ಬಿದ್ದಿದ್ದ ಒಂದು ಮರದ ದಿಮ್ಮಿಯು ಮೆಲ್ಲಮೆಲ್ಲನೆ ಹಸುರು ಬೆಳಕಾಗಿ ಕಾಣತೊಡಗಿತು. ತರಗೆಲೆಗಳ ನಡುವೆ ಚೂರುಪಾರು ಕಡ್ಡಿಗಳೂ ಬೆಳಗುತ್ತಿದ್ದುವು. ಬಿಸಿಯಿಲ್ಲದ, ಹೊಗೆಯಿಲ್ಲದ, ಅಲುಗಾಡದ ಬೆಳಕು. ಮರವನ್ನು ತಿನ್ನುವ ಅಣಬೆಯ ನೂಲಿನೊಳಗಣ ಒಂದು ದ್ರವ್ಯವು ಗಾಳಿಯ ಆಮ್ಲಜನಕದೊಡನೆ ಕೂಡಿ ಈ ಬೆಳಕನ್ನು ಕೊಡುತ್ತದೆ. ಕಾಳಿದಾಸನು ಕುಮಾರಸಂಭವದಲ್ಲಿ ಹಿಮಾಲಯದ ಇರುಳಿನಲ್ಲಿ ಬೆಳಗುವ ಓಷಧಿಗಳನ್ನು ತಂದಿರುವುದನ್ನು ನಾವು ಎಷ್ಟೋ ವರ್ಷ ತರಗತಿಗಳಲ್ಲಿ ಪಾಠ ಹೇಳಿದ್ದೆವು. ಸಾಯುವ ಮರವೇ ದೀಪವಾದುದನ್ನು ನೋಡಿದ್ದು ಆ ರಾತ್ರಿಯೇ.

ಬೇಲಿಯ ಬಳಿ ನಿಂತುಕೊಂಡೇ ಗೌಡರು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದರು. ಜೌಗಿನ ನೆಲವು ಸಮತಟ್ಟು. ನೀರು ಸದಾ ಇರುವಂಥದು. ಗದ್ದೆಗೂ ಅಡಕೆಯ ತೋಟಕ್ಕೂ ಹೇಳಿ ಮಾಡಿಸಿದ ಜಾಗ. ಹಿಂದಿನ ಕಾಲದಲ್ಲಿ ಘಟ್ಟದ ಇಂಥ ಅನೇಕ ಕಣಿವೆಗಳು ಹೀಗೆಯೇ ಗದ್ದೆಗಳೂ ತೋಟಗಳೂ ಆದುವು. "ಪಕ್ಕದ ಹಳ್ಳದ ತಲೆಯಲ್ಲಿಯೂ ಇಂಥಾದ್ದೇ ಒಂದು ಜೌಗಿತ್ತು ಮಾಸ್ತರೇ. ಅದನ್ನು ಕಡಿದು ತೋಟ ಮಾಡಿದರು. ಮೊದಲ ಕೆಲವು ವರ್ಷ ಫಸಲು ಚೆನ್ನಾಗಿಯೇ ಬಂತು. ಈಗ ಶಿವರಾತ್ರಿ ಕಳೆದರೆ ಅಲ್ಲಿ ನೀರಿಲ್ಲ. ನಮ್ಮ ಹಳ್ಳ ಮಾತ್ರ ಯುಗಾದಿ ಕಳೆದರೂ ಹರಿಯುತ್ತದೆ. ನಮ್ಮ ಮಗನಿಗೆ ಇದನ್ನು ಹೇಳುತ್ತಲೇ ಇದ್ದೇನೆ. ಅವನಿಗೆ ಅಡಕೆಯ ಧಾರಣೆ ಕಾಣುತ್ತದೆ, ಹಳ್ಳದ ತಲೆ ಕಾಣುವುದಿಲ್ಲ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ಚಿಂತೆಯಿತ್ತು.

ಉಪ್ಪಾಗೆಯ ವಿಷಯವನ್ನೂ ಅವರೇ ಎತ್ತಿದರು. ಈ ಹುಳಿಹಣ್ಣಿನ ಸಿಪ್ಪೆಗೆ ಪರದೇಶಗಳಲ್ಲಿ ಮೈಯಿಳಿಸುವ ಔಷಧವೆಂದು 1990ರ ದಶಕದಲ್ಲಿ ಒಮ್ಮೆಲೇ ಬೇಡಿಕೆಯು ಏರಿತು. ಬೇಗ ಕೊಯ್ದವನಿಗೇ ಲಾಭವೆಂದು ಕೊಂಬೆಗಳನ್ನೇ ಕಡಿದು ಕಾಯಿಯನ್ನು ಇಳಿಸತೊಡಗಿದರು. ಹಣ್ಣಾಗುವುದು ಮಳೆಗಾಲದಲ್ಲಿ, ಆದುದರಿಂದ ಸಿಪ್ಪೆಯನ್ನು ಒಣಗಿಸಲು ಹಗಲಿರುಳು ಬೆಂಕಿ, ಬೆಂಕಿಗೆ ಮತ್ತೆ ಮರ. ಹಣ್ಣಾಗಿ ಉದುರಿದುದನ್ನು ಹೆಕ್ಕಿದರೆ ಸಿಪ್ಪೆಯೂ ಸಿಕ್ಕುತ್ತದೆ, ತುಪ್ಪಕ್ಕೆ ಬೀಜವೂ ಸಿಕ್ಕುತ್ತದೆ, ಸಿಂಗಳೀಕಕ್ಕೂ ಪಾಲು ಉಳಿಯುತ್ತದೆ, ಮೊಳೆಯುವುದಕ್ಕೂ ನಾಲ್ಕು ಬೀಜ ನೆಲದಲ್ಲಿರುತ್ತದೆ. ಗೌಡರ ಮನೆಯಲ್ಲಿ ಇಂದಿಗೂ ಹಾಗೆಯೇ ಮಾಡುತ್ತಾರೆ.

ಸರ್ಕಾರವು ಸುಮ್ಮನಿದೆಯೆಂದಲ್ಲ. ಪಶ್ಚಿಮಘಟ್ಟದ 39 ತಾಣಗಳನ್ನು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು. 2019ರಲ್ಲಿ ಇಲ್ಲಿಯ ಸಿಂಗಳೀಕದ ಮೀಸಲನ್ನು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿಸಲಾಯಿತು. ಪಟ್ಟಿಗಳು ಕಾಡನ್ನು ಹೊರಗಿನ ಕೊಡಲಿಯಿಂದ ಕಾಪಾಡಬಲ್ಲವು. ಆದರೆ ಕಾನಿನ ಅಂಚಿನ ಮನೆಯಲ್ಲಿ ಮಗನು ತಂದೆಯ ಮಾತನ್ನು ಕೇಳುವುದೂ, ಪಟ್ಟಣದ ಮನೆಯಲ್ಲಿ ಕೊಳ್ಳುವವರು ಯಾವುದನ್ನು ಎಲ್ಲಿಂದ ಹೇಗೆ ತಂದರೆಂದು ವಿಚಾರಿಸುವುದೂ ಯಾವ ಪಟ್ಟಿಯಿಂದಲೂ ಆಗತಕ್ಕದ್ದಲ್ಲ.

ಕಣಜವಿರುವ ಮನೆಯು ಒಂದು ವರ್ಷ ಬೆಳೆ ಕೈಕೊಟ್ಟರೂ ತಡೆದುಕೊಂಡೀತು. ಕತ್ತಲೆಕಾನಿನ ಮನೆಯಲ್ಲಿ ಕಣಜವಿಲ್ಲ. ಬೀಜವನ್ನು ಅದು ಕೂಡಿಡುವುದಿಲ್ಲ, ಸಾರವನ್ನು ಮಣ್ಣಿನಲ್ಲಿ ಹೂತಿಡುವುದಿಲ್ಲ; ಮರವು ಅಣಬೆಗೆ, ಅಣಬೆಯು ಬೇರಿಗೆ, ಬೇರು ಹಳ್ಳಕ್ಕೆ, ಹಳ್ಳವು ನಮ್ಮ ತೋಟಕ್ಕೆ, ಹೀಗೆ ಕೈಯಿಂದ ಕೈಗೆ ಕೊಟ್ಟುಕೊಂಡೇ ಅದು ಬಾಳುತ್ತಿದೆ. ಇಂಥ ಮನೆಯನ್ನು ಒಮ್ಮೆ ಮುರಿದು, ಬೇಕಾದಾಗ ಮತ್ತೆ ಕಟ್ಟಿಕೊಳ್ಳುವೆವೆಂದರೆ ಆಗದು. ಅದಕ್ಕೆ ಬೇಕಾದ ಬಿತ್ತನೆಯ ಬೀಜ ಯಾವ ಉಗ್ರಾಣದಲ್ಲಿಯೂ ಸಿಕ್ಕದು. ಆದುದರಿಂದ ಮುಂದಿನ ಮಳೆಗಾಲದಲ್ಲಿ ಜೋಗಕ್ಕೆ ಹೋಗುವ ವಾಚಕರು, ಅಪ್ಪಣೆ ಪಡೆದು, ಮಕ್ಕಳನ್ನೂ ಕರೆದುಕೊಂಡು, ಅರ್ಧದಿನವನ್ನು ಈ ಕತ್ತಲೆಗೆ ಮೀಸಲಿಡಲಿ. ಏನನ್ನೂ ಕಿತ್ತು ತರಬೇಕಾಗಿಲ್ಲ. ಸುಣ್ಣ ಹೊಗೆಸೊಪ್ಪುಗಳ ಗಂಟೊಂದನ್ನು ಮರೆಯದಿದ್ದರೆ ಸಾಕು.